ಕಳಂಬೋಲಿಯ ಪ್ರೊಡ್ಯೂಸರ್

ಮನುಷ್ಯನಿಗೆ ಯಾವ ಹೊತ್ತಿಗೆ ಕನಸು ಬೀಳಬೇಕೆಂಬುದನ್ನು ನಮ್ಮ ಕಡೆ ಲೋಕಲ್ ರೈಲಿನ ವೇಳಾಪಟ್ಟಿಯೇ ನಿರ್ಧರಿಸುತ್ತದೆ. ನನಗೆ ಅದು ಬೀಳುವುದು ಬೆಳಿಗ್ಗೆ ಎಂಟೂವರೆಗೆ, ಐರೋಲಿಯಲ್ಲಿ ಪನ್ವೇಲ್ ಗಾಡಿ ಹತ್ತಿ ಕಿಟಕಿ ಪಕ್ಕದ ಜಾಗ ಸಿಕ್ಕಿದರೆ. ರಬಾಳೆಯ ಕಾರ್ಖಾನೆಗಳ ತಗಡಿನ ಸೂರುಗಳು ಎಳೆಬಿಸಿಲಿಗೆ ಬೆಳ್ಳಗೆ ಹೊಳೆಯುತ್ತವೆ, ನನ್ನ ಕಣ್ಣು ಅರ್ಧ ಮುಚ್ಚುತ್ತದೆ, ಆ ಬಿಳುಪಿನ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡುತ್ತವೆ: ಕಥೆ ಮತ್ತು ಚಿತ್ರಕಥೆ. ಅದರ ಕೆಳಗೆ ನನ್ನ ಹೆಸರು. ತುರ್ಭೆ ಬರುವಷ್ಟರಲ್ಲಿ ಮಧ್ಯಂತರ. ಖಾಂದೇಶ್ವರ ಬರುವಾಗ ರೈಲು ಡಬ್ಬಿಯ ಜನರೆಲ್ಲ ಎದ್ದು ನಿಂತಿರುತ್ತಾರೆ. ಅವರು ಎದ್ದದ್ದು ಇಳಿಯಲಿಕ್ಕೆ ಎಂದು ನನಗೆ ಗೊತ್ತು. ಆದರೂ ಆ ಎರಡು ನಿಮಿಷ ನಾನು ಅದನ್ನು ಗೌರವವೆಂದೇ ಸ್ವೀಕರಿಸುತ್ತೇನೆ.

ಖಾಂದೇಶ್ವರದಿಂದ ಶೇರ್ ರಿಕ್ಷಾ ಹಿಡಿದು ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿಗೆ ಹೋಗುವುದು, ಅಲ್ಲಿ ನಮ್ಮ ಸೇಠರ ಅಂಗಳದಲ್ಲಿ ಲಾರಿ ತೂಗುವ ಕಾಟಾದ ಪಕ್ಕದ ಗೂಡಿನಲ್ಲಿ ಕುಳಿತು ಚೀಟಿ ಬರೆಯುವುದು, ಇದು ನನ್ನ ಉದ್ಯೋಗ. ಬಾಗಲಕೋಟೆ ಕಡೆಯಿಂದ ಬಂದು ಇಪ್ಪತ್ತಾರು ವರ್ಷ ಇದನ್ನೇ ಮಾಡಿದ್ದೇನೆ. ಸಿನಿಮಾ ಬರೆಯಬೇಕೆಂಬ ಹುಚ್ಚು ಹಿಡಿದದ್ದು ಮಾತ್ರ ಆರು ವರ್ಷದ ಹಿಂದೆ. ಆಗ ಮೊಬೈಲಿನಲ್ಲಿ ಯಾರೋ ಗಡ್ಡದವರೊಬ್ಬರು ಹೇಳುವುದನ್ನು ಕೇಳಿದೆ. ಬರೆದರೆ ಸಾಲದು, ಉದ್ಯಮದ ಒಳಹೊರಗು ತಿಳಿದಿರಬೇಕು, ಸಂಪರ್ಕ ಬೆಳೆಸಬೇಕು, ಅದಿಲ್ಲದೆ ಎಂಥ ಕಥೆಯೂ ಪೆಟ್ಟಿಗೆಯಲ್ಲೇ ಉಳಿಯುತ್ತದೆ ಎಂದರು. ನನಗೆ ಬಹಳ ಸಮಾಧಾನವಾಯಿತು. ಬರೆಯುವುದಕ್ಕೆ ಮೊದಲು ಮಾಡಬಹುದಾದ ಕೆಲಸ ಒಂದಿದೆ ಎಂದು ತಿಳಿದರೆ ಯಾವ ಬರಹಗಾರನಿಗೆ ಸಮಾಧಾನವಾಗುವುದಿಲ್ಲ? ಅಂದೇ ಸಂಜೆ ಕೆಂಪು ಹೊದಿಕೆಯ ಒಂದು ಡೈರಿ ತಂದು ಮೊದಲ ಪುಟದಲ್ಲಿ ‘ಸಂಪರ್ಕಗಳು’ ಎಂದು ದುಂಡಗೆ ಬರೆದೆ.

ಮೊದಲನೆಯ ಸಂಪರ್ಕ ರೈಲಿನಲ್ಲೇ ಸಿಕ್ಕಿತು. ಘಣಸೋಲಿಯಲ್ಲಿ ಹತ್ತುವ ಪವಾರ್ ಎಂಬ ಮರಾಠಿ ಮನುಷ್ಯ. ಸದಾ ಮಡಿಲಲ್ಲಿ ಒಂದು ತಗಡಿನ ಡಬ್ಬಿ ಇಟ್ಟುಕೊಂಡು ಕೂಡುತ್ತಿದ್ದ. ಊಟದ ಡಬ್ಬಿಯೆಂದು ತಿಳಿದಿದ್ದೆ. ಒಂದು ದಿನ ಅವನು ಮುಚ್ಚಳ ತೆರೆದಾಗ ಒಳಗೆ ಹದಿನಾಲ್ಕು ಮೀಸೆಗಳು ಸಾಲಾಗಿ ಮಲಗಿದ್ದವು. ಧಾರಾವಾಹಿಗಳಿಗೆ ಮೀಸೆ, ಗಡ್ಡ ಮಾಡಿಕೊಡುವುದು ಅವನ ಕಸುಬು. ಅವನಿಂದ ನಾನು ಉದ್ಯಮದ ಬಗ್ಗೆ ಕಲಿತದ್ದು ಅಪಾರ. ಅಂಟಿಸಿದ ಮೀಸೆ ಬಿಸಿಲಿನಲ್ಲಿ ಮುಕ್ಕಾಲು ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ. ಅಳುವ ದೃಶ್ಯವಿದ್ದರೆ ಅಂಟು ಬೇರೆ. ಖಳನಾಯಕ ಊಟ ಮಾಡುವ ದೃಶ್ಯ ಬರೆದವನನ್ನು ಮೀಸೆಯವನು ಜನ್ಮದಲ್ಲಿ ಕ್ಷಮಿಸುವುದಿಲ್ಲ. ಇದನ್ನೆಲ್ಲ ಡೈರಿಯಲ್ಲಿ ಬರೆದುಕೊಂಡೆ. ನನ್ನ ಚಿತ್ರಕಥೆಯ ಖಳನಾಯಕನನ್ನು ಅವತ್ತಿನಿಂದಲೇ ಉಪವಾಸ ಕೆಡವಿದೆ.

ಹೋದ ವರ್ಷ ಥಾಣೆಯಲ್ಲಿ, ಕೆರೆಯ ಹತ್ತಿರದ ಒಂದು ಸಭಾಂಗಣದಲ್ಲಿ, ಚಿತ್ರಕಥೆ ಬರೆಯುವವರ ಮೇಳ ಏರ್ಪಾಡಾಯಿತು. ಬರೆಯುವವರು, ಸಿನಿಮಾ ತೆಗೆಯುವವರು ಎಲ್ಲರೂ ಬರುತ್ತಾರೆ, ಪರಸ್ಪರ ಪರಿಚಯವಾಗುತ್ತದೆ ಎಂದು ಪ್ರಕಟಣೆಯಲ್ಲಿತ್ತು. ಭಾನುವಾರ ಬೆಳಿಗ್ಗೆ ನಾನು ದಿನದ ಶರ್ಟು ಹಾಕಿಕೊಂಡು ಹೊರಟಾಗ ಹೆಂಡತಿ ಗಿರಿಜಾ ಬಾಗಿಲಲ್ಲೇ ತಡೆದಳು.

“ಹಿಂಗ ಹೋಗ್ತೀರೇನ್ರಿ? ನಿಮ್ಮನ್ನ ನೋಡಿದ್ರ ಮೀಟರ್ ನೋಡಾಕ ಬಂದಾನ ಅಂತ ತಿಳ್ಕೊಂಡು ಮಂದಿ ಮೀಟರ್ ಡಬ್ಬಿ ತೋರಸ್ತಾರ.”

ತನ್ನ ತಮ್ಮನ ಮದುವೆಗೆ ನನಗೆ ಹೊಲಿಸಿದ್ದ ಕೆನೆಬಣ್ಣದ ಸೂಟನ್ನು ಕಪಾಟಿನಿಂದ ತೆಗೆದು ಕೊಟ್ಟಳು. ಅದರ ಜೊತೆ ಅವಳ ಅಪ್ಪನ ದಪ್ಪ ಉಂಗುರ. ಮಗಳು ಸ್ನೇಹಾ ಮೊಬೈಲಿನಿಂದ ತಲೆಯೆತ್ತಿ, “ಪಪ್ಪಾ, ಏಕ್‌ದಮ್ ಬಿಲ್ಡರ್ ಲಗ್ ರಹೇ ಹೋ” ಎಂದಳು. ಅವಳಿಗೆ ಕನ್ನಡ ತಿಳಿಯುತ್ತದೆ, ನಾಲಗೆಯ ಮೇಲೆ ಬರುವುದಿಲ್ಲ. ಬಿಲ್ಡರ್‌ನಂತೆ ಕಾಣುತ್ತೇನೆಂದು ಹೊಗಳಿದಳೋ ಬೈದಳೋ ನನಗೂ ತಿಳಿಯಲಿಲ್ಲ.

ಸಭಾಂಗಣದ ಬಾಗಿಲಲ್ಲಿ ಒಂದು ಮೇಜು. ಹೆಸರು, ಊರು, ಕ್ಷೇತ್ರ ಬರೆಯಬೇಕು. ‘ಕ್ಷೇತ್ರ’ ಎಂದರೆ ಏನು ಬರೆಯುವುದು? ಚಿತ್ರಕಥೆಗಾರ ಎಂದು ಬರೆಯಲು ಕೈ ಓಡಲಿಲ್ಲ. ನಿಜವನ್ನೇ ಬರೆದೆ: ಕಳಂಬೋಲಿ, ಸ್ಟೀಲ್. ಮೇಜಿನ ಹಿಂದಿದ್ದ ಹುಡುಗಿ ಅದನ್ನು ಓದಿ, ನನ್ನ ಸೂಟನ್ನೂ ಉಂಗುರವನ್ನೂ ನೋಡಿ, ಎದ್ದು ನಿಂತಳು. ಅವಳೇ ನನ್ನನ್ನು ಮುಂದಿನ ಸಾಲಿಗೆ ಕರೆದೊಯ್ದು ಕೂರಿಸಿದಳು.

ಒಳಗೆ ಸುಮಾರು ಎಂಬತ್ತು ಜನರಿದ್ದರು. ಅರ್ಧ ಗಂಟೆಯಲ್ಲಿ ನನಗೆ ಗೊತ್ತಾಯಿತು, ಅಷ್ಟೂ ಜನ ಬರೆಯುವವರು. ತೆಗೆಯುವವರು ಒಬ್ಬರೂ ಬಂದಿರಲಿಲ್ಲ. ಚಹಾದ ಹೊತ್ತಿಗೆ ಒಬ್ಬ ಯುವಕ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ: “ಸರ್, ಆಪ್ ಪ್ರೊಡ್ಯೂಸರ್ ಹೈ ನಾ?”

ನಾನು ಹೌದು ಎನ್ನಲಿಲ್ಲ. ಇದು ನನ್ನ ಪ್ರಾಮಾಣಿಕತೆ. ಅಲ್ಲ ಎಂದೂ ಅನ್ನಲಿಲ್ಲ. ಇದಕ್ಕೆ ಏನು ಹೆಸರಿಡಬೇಕೋ ನೀವೇ ಇಡಿ. ಸುಮ್ಮನೆ ನಕ್ಕೆ. ಆ ನಗು ಸಭಾಂಗಣದ ತುಂಬ ಹರಡಿತು. ನನ್ನ ಸುತ್ತ ಕುರ್ಚಿಗಳು ಬಂದವು, ಕೈಗೆ ಎರಡನೆಯ ಕಪ್ ಚಹಾ ಬಂತು, ಒಬ್ಬರಾದ ಮೇಲೆ ಒಬ್ಬರು ಬಂದು ಕಥೆ ಹೇಳತೊಡಗಿದರು. ಕಿಟಕಿಯಾಚೆ ಕೆರೆಯ ನೀರಿನ ಮೇಲೆ ದೋಣಿಗಳು ನಿಧಾನವಾಗಿ ಸುತ್ತುತ್ತಿದ್ದವು. ನಾನು ಕಣ್ಣು ಅರ್ಧ ಮುಚ್ಚಿ ಕೇಳಿದೆ. ಅದನ್ನು ಅವರು ಆಳವಾದ ವಿಚಾರ ಎಂದುಕೊಂಡರು. ನನಗೆ ರೈಲಿನ ಕಿಟಕಿಯೇ ಇಲ್ಲಿಗೆ ಬಂದಂತೆ ಅನಿಸುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಎಂಬತ್ತು ಜನ ನನ್ನ ಮುಖ ನೋಡುತ್ತಿದ್ದರು.

ಕೊನೆಗೆ ಬಂದವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ. ಡೊಂಬಿವಲಿಯವಳು, ಹೆಸರು ಅಶ್ವಿನಿ. ಕೋಟಿಗೆ ಅಂಟಿಸಿದ್ದ ನನ್ನ ಹೆಸರಿನ ಚೀಟಿ ನೋಡಿ ಕೇಳಿದಳು: “ಅಂಕಲ್, ನಿಮಗೆ ಕನ್ನಡ ಬರ್ತದಾ? ಹಾಗಾದ್ರೆ ಕನ್ನಡದಲ್ಲೇ ಹೇಳ್ತೇನೆ. ಮನೆಯಲ್ಲಿ ತುಳು, ಆದ್ರೆ ಅಪ್ಪ ಹೋಟೆಲಿನಲ್ಲಿ ಗಿರಾಕಿಗಳ ಜತೆ ಕನ್ನಡ ಮಾತಾಡುದು ಕೇಳಿ ಕೇಳಿ ಕಲ್ತೆ. ಥೋಡಾ ತಪ್ಪಾದ್ರೆ ಬೇಜಾರು ಮಾಡ್ಬೇಡಿ.”

ಅವಳ ಕಥೆ ಹೀಗಿತ್ತು. ಏಳನೆಯ ಮಹಡಿಯಲ್ಲಿ ಒಬ್ಬ ಗೃಹಿಣಿ. ಕಟ್ಟಡಕ್ಕೆ ನಲ್ಲಿ ನೀರಿಲ್ಲ, ದಿನವೂ ಟ್ಯಾಂಕರ್ ಬರಬೇಕು. ಟ್ಯಾಂಕರಿನವನಿಗೆ ಫೋನ್ ಮಾಡುವ ಜವಾಬ್ದಾರಿ ಅವಳದು. ನಾಲ್ಕು ವರ್ಷ ದಿನವೂ ಫೋನು. ಒಬ್ಬರ ಮುಖ ಒಬ್ಬರು ನೋಡಿಲ್ಲ. ನೀರಿನ ಮಾತಿನ ಜೊತೆಗೆ ಅವನ ಮೊಣಕಾಲಿನ ನೋವು, ಅವಳ ಉಪ್ಪಿನಕಾಯಿ, ಎಲ್ಲ ಬಂದುಹೋಗಿವೆ. ಒಂದು ದಿನ ಹೊಸ ಪೈಪ್‌ಲೈನ್ ಬರುತ್ತದೆ. ಕಟ್ಟಡದವರೆಲ್ಲ ಪೇಢೆ ಹಂಚುತ್ತಾರೆ. ಅವಳೊಬ್ಬಳು ಅಡುಗೆಮನೆಯಲ್ಲಿ ಸುರಿಯುವ ನಲ್ಲಿಯ ಮುಂದೆ ನಿಂತಿದ್ದಾಳೆ.

ನನ್ನ ಕಣ್ಣು ಪೂರ್ತಿ ತೆರೆಯಿತು. ಉಂಗುರ, ಸೂಟು ಎಲ್ಲ ಮರೆತುಹೋಯಿತು. ನನಗರಿವಿಲ್ಲದೆ ಕೇಳಿದೆ: “ಆಕಿ ನಳ ಬಂದ್ ಮಾಡ್ತಾಳೋ ಇಲ್ಲೋ, ತಂಗಿ?”

ಹುಡುಗಿ ನನ್ನನ್ನೇ ನೋಡಿದಳು. “ಅದು ನಾನು ಯೋಚನೆ ಮಾಡ್ಲೇ ಇಲ್ಲ ಅಂಕಲ್. ನಿಮ್ಮ ಆಫೀಸು ಎಲ್ಲಿ?”

“ಕಳಂಬೋಲಿ ಮಾರ್ಕೆಟ್ಟಿನ್ಯಾಗ ದೊಡ್ಡ ಕಾಟಾ ಯಾವದು ಅಂತ ಕೇಳು, ಯಾರರೆ ತೋರಸ್ತಾರ” ಎಂದೆ. ಇದೂ ನಿಜವೇ. “ಪೂರ್ತಿ ಬರಿ, ಬರದು ತೊಗೊಂಡು ಬಾ.”

ಹತ್ತು ದಿನ ಕಳೆಯಿತು. ಬುಧವಾರ, ಮಧ್ಯಾಹ್ನದ ಒಂದು ಗಂಟೆ. ಸಲಾಕೆ ತುಂಬಿದ ಲಾರಿಯೊಂದು ಕಾಟಾದ ಮೇಲೆ ನಿಂತಿತ್ತು. ನಾನು ಬನಿಯನ್ನಿನ ಮೇಲೆ ಟವೆಲ್ ಹಾಕಿಕೊಂಡು, ತೂಕ ಸರಿಯಿಲ್ಲವೆಂದು ಕೂಗಾಡುವ ಚಾಲಕನಿಗೆ ಉತ್ತರ ಕೊಡುತ್ತಿದ್ದೆ. ಧೂಳು ಸ್ವಲ್ಪ ಇಳಿದಾಗ ಗೇಟಿನಲ್ಲಿ ಇಸ್ತ್ರಿ ಮಾಡಿದ ನೀಲಿ ಕುರ್ತಾ ಕಂಡಿತು. ಎದೆಗೆ ಒತ್ತಿಕೊಂಡ ಒಂದು ಫೈಲು. ಅಶ್ವಿನಿ ನನ್ನನ್ನು ದಾಟಿ ಹೋಗಿ, ನಿಂತು, ತಿರುಗಿ ನೋಡಿದಳು.

“ಅಂಕಲ್? ನಿಮ್ಮ ಆಫೀಸು ಎಲ್ಲಿ?”

“ಇದ ಆಫೀಸು, ತಂಗಿ.”

“ಇದಲ್ಲ, ನಿಮ್ದು.”

“ನಂದೂ ಇದ. ನಾ ಇಲ್ಲಿ ಕಾರಕೂನ. ಗಾಡಿ ತೂಗಿ ಚೀಟಿ ಬರೀತೀನಿ.”

ಅವಳು ಕಾಟಾದ ಪಕ್ಕದ ಬೆಂಚಿನ ಮೇಲೆ ಕುಳಿತಳು. ಚಹಾ ತರಿಸಿದೆ, ಮುಟ್ಟಲಿಲ್ಲ. ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಬಹಳ ಸಾವಕಾಶವಾಗಿ, ಬೇರೆ ಯಾರದೋ ವಿಷಯ ಹೇಳುವವಳಂತೆ ಹೇಳಿದಳು: “ಒಂದು ಸೀರಿಯಲ್‌ನಲ್ಲಿ ಡೈಲಾಗ್ ಬರೆಯುವ ಮೇಡಮ್ ಇದ್ದಾರೆ. ಅಸಿಸ್ಟೆಂಟ್ ಆಗಿ ಬಾ ಅಂತ ಹೇಳಿದ್ರು. ನಿಮ್ಮನ್ನು ನಂಬಿ ನಾನು ಸೋಮವಾರ ಅವರಿಗೆ ನಾ ಬೋಲಾ, ಬರುದಿಲ್ಲ ಅಂತ. ಪ್ರೊಡ್ಯೂಸರ್ ಸಿಕ್ಕಿದ್ದಾರೆ ಅಂತ ಅಪ್ಪ ಹೋಟೆಲಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದಾರೆ.”

“ತಪ್ಪು ನಂದ” ಎಂದೆ. “ಅವತ್ತು ಕೇಳಿದವರಿಗೆ ಅಲ್ಲ ಅನ್ನಲಿಲ್ಲ. ಯಾರೋ ನನ್ನ ಮುಂದ ಕೈ ಕಟ್ಟಿ ನಿಂತಿದ್ರು, ಚೊಲೊ ಅನಸ್ತು.”

ಅವಳು ಫೈಲನ್ನು ಮಡಿಲಿಗೆ ಇಳಿಸಿದಳು. ಧಾರಾವಾಹಿಯ ಹೆಸರು ಕೇಳಿದೆ. ಹೇಳಿದಳು. ಗೂಡಿನೊಳಗೆ ಹೋಗಿ ಕೆಂಪು ಡೈರಿ ತೆರೆದೆ. ಆರು ವರ್ಷದಲ್ಲಿ ಕೂಡಿಸಿದ ನೂರಾರು ಹೆಸರುಗಳು. ಪುಟ ತಿರುವಿದಂತೆ ತಿಳಿಯಿತು, ಅವುಗಳಲ್ಲಿ ಮುಕ್ಕಾಲು ಪಾಲು ನನ್ನಂತೆಯೇ ಡೈರಿ ಹಿಡಿದು ತಿರುಗುವವರು. ನಿಜವಾಗಿ ಚಿತ್ರೀಕರಣದ ಜಾಗದ ಒಳಗೆ ಕಾಲಿಡುವವನು ಒಬ್ಬನೇ. ಪವಾರನಿಗೆ ಫೋನ್ ಮಾಡಿದೆ.

“ಅರೆ ಭಾವು,” ಎಂದು ಅವನು ನಕ್ಕ, “ಆ ಸೀರಿಯಲ್ಲಿನ ಅಪ್ಪನ ಮೀಸೆ ನನ್ನದೇ. ಈಗ ಅಲ್ಲೇ ಇದ್ದೇನೆ.” ವಿಷಯ ಹೇಳಿದೆ. ಹತ್ತು ನಿಮಿಷಕ್ಕೆ ಅವನೇ ತಿರುಗಿ ಫೋನ್ ಮಾಡಿದ. ಮೇಡಮ್ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ, ನಾಲ್ಕು ಗಂಟೆಗೆ ಇನ್ನೊಬ್ಬಳು ಬರುವವಳಿದ್ದಾಳೆ, ಅದಕ್ಕೆ ಮೊದಲು ಈ ಹುಡುಗಿ ಬಂದರೆ ಮಾತಾಡುತ್ತಾರೆ. ಜಾಗ ಥಾಣೆಯಾಚೆ, ಘೋಡ್‌ಬಂದರ್ ರಸ್ತೆಯಲ್ಲಿ.

ಆಗ ಒಂದೂವರೆ. ಅದೇ ರಸ್ತೆಯ ಒಂದು ಕಟ್ಟಡಕ್ಕೆ ಸಲಾಕೆ ಒಯ್ಯುವ ಟೆಂಪೋ ನಮ್ಮ ಅಂಗಳದಲ್ಲಿ ಹೊರಟು ನಿಂತಿತ್ತು. ಸೇಠರ ಹತ್ತಿರ ಅರ್ಧ ದಿನದ ರಜೆ ಕೇಳಿದೆ. ಶರ್ಟು ಹಾಕಿಕೊಂಡು ಟೆಂಪೋದ ಮುಂದಿನ ಸೀಟಿನಲ್ಲಿ ನಾನೂ ಅವಳೂ ಕುಳಿತೆವು. ಐರೋಲಿ ದಾಟುವವರೆಗೂ ಅವಳು ಫೈಲನ್ನು ಎದೆಗೆ ಒತ್ತಿಕೊಂಡೇ ಇದ್ದಳು. ಹಿಂದೆ ಸಲಾಕೆಗಳು ಝಣಗುಡುತ್ತಿದ್ದವು. ಕಳವಾ ಸೇತುವೆಯ ಮೇಲೆ ಗಾಡಿ ಇಪ್ಪತ್ತು ನಿಮಿಷ ಅಲ್ಲಾಡದೆ ನಿಂತಿತು. ಕೆಳಗೆ ಖಾಡಿಯ ಹಿನ್ನೀರು ಬಿಸಿಲಿಗೆ ಹಾಲಿನಂತೆ ಬೆಳ್ಳಗಿತ್ತು.

“ಅವಳು ಬಂದ್ ಮಾಡುದಿಲ್ಲ ಅಂಕಲ್” ಎಂದಳು ಅಶ್ವಿನಿ, ನೀರನ್ನೇ ನೋಡುತ್ತ. “ನಲ್ಲಿ ಹಾಗೇ ಬಿಟ್ಟು ಬಾಲ್ಕನಿಗೆ ಬರ್ತಾಳೆ. ಕೆಳಗೆ ಟ್ಯಾಂಕರ್ ನಿಂತಿರ್ತದೆ. ಯಾರೂ ಕರೆದಿಲ್ಲ, ಆದ್ರೂ ಬಂದಿದೆ.”

“ಇದ ಸಿನಿಮಾ, ತಂಗಿ” ಎಂದೆ. ಅವಳು ಮೊದಲ ಸಲ ನಕ್ಕಳು.

ಸ್ಟುಡಿಯೋ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಗೇಟಿನ ಹೊರಗೆ ಕಾಯುತ್ತಿದ್ದ ಪವಾರ್ ಅವಳನ್ನು ಒಳಗೆ ಕರೆದೊಯ್ದ. ನಾನೂ ಹಿಂದೆ ಹೆಜ್ಜೆ ಇಟ್ಟೆ. ಕಾವಲುಗಾರ ಕೈ ಅಡ್ಡ ಹಿಡಿದು, “ಆಪ್ ಕೌನ್?” ಎಂದ. ನೀವು ಯಾರು ಎಂಬ ಈ ಪ್ರಶ್ನೆಗೆ ನಾನು ಆರು ವರ್ಷದಿಂದ ಕಾಯುತ್ತಿದ್ದೆ, ಉತ್ತರವನ್ನು ಮೂರು ಭಾಷೆಯಲ್ಲಿ ಬಾಯಿಪಾಠ ಮಾಡಿದ್ದೆ. ಆದರೆ ಬಾಯಿಂದ ಬಂದದ್ದು, “ಟೆಂಪೋ ಕೆ ಸಾಥ್”, ಟೆಂಪೋ ಜೊತೆ ಬಂದವನು ಅಂತ. ಅವನು ಟೆಂಪೋವನ್ನು ಪಕ್ಕಕ್ಕೆ ನಿಲ್ಲಿಸಲು ಹೇಳಿದ. ಒಂದು ಗಂಟೆಯ ಮೇಲೆ ಅವಳು ಹೊರಬಂದಳು. ಗುರುವಾರದಿಂದಲೇ ಕೆಲಸ. ಅಪ್ಪನಿಗೆ ಏನು ಹೇಳುತ್ತೀ ಎಂದು ಕೇಳಿದೆ. “ಪ್ರೊಡ್ಯೂಸರೇ ಗಾಡಿಯಲ್ಲಿ ಬಿಟ್ಟು ಹೋದ್ರು ಅಂತ ಹೇಳ್ತೇನೆ” ಎಂದಳು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಿಮ್ಮ ಕಣ್ಣಿನಲ್ಲಿ ನಾನು ಒಳ್ಳೆಯವನಾಗಿ ಉಳಿಯುತ್ತಿದ್ದೆ. ಆದರೆ ಹೋದ ತಿಂಗಳು ಒಂದು ಸಂಜೆ ಅಶ್ವಿನಿಯ ಫೋನು ಬಂತು. ಈಗ ಅವಳು ತಾನೇ ದೃಶ್ಯಗಳನ್ನು ಬರೆಯುತ್ತಾಳೆ, ಟ್ಯಾಂಕರಿನ ಕಥೆಯನ್ನೂ ಯಾರೋ ಓದುತ್ತಿದ್ದಾರಂತೆ. “ಅಂಕಲ್, ನಮ್ಮ ಪ್ರೊಡ್ಯೂಸರ್ ಸರ್ ಹೊಸ ಕಥೆ ಹುಡುಕ್ತಿದ್ದಾರೆ. ನಿಮ್ಮ ವಿಷಯ ಹೇಳಿದ್ದೇನೆ. ನೀವು ಅವತ್ತು ಟೆಂಪೋದಲ್ಲಿ ಹೇಳಿದ್ರಲ್ಲ, ಆರು ವರ್ಷದಿಂದ ಬರೀತಿದ್ದಾರೆ ಅಂದೆ, ಅವರು ಇಂಪ್ರೆಸ್ ಆದ್ರು. ಶುಕ್ರವಾರದೊಳಗೆ ಪೂರ್ತಿ ಸ್ಕ್ರಿಪ್ಟ್ ಕಳಿಸಿ.”

ಸ್ವಲ್ಪ ತಿದ್ದುವುದಿದೆ ಎಂದು ಹೇಳಿ ಫೋನ್ ಇಟ್ಟೆ. ಅಡುಗೆಮನೆಯಿಂದ ಬಂದ ಗಿರಿಜಾ, ಮೇಜಿನ ಮೇಲೆ ನಾನು ಬಿಚ್ಚಿಟ್ಟ ಕಾಗದಗಳನ್ನು ಎತ್ತಿ ಎಣಿಸಿದಳು. ಬಹಳ ಹೊತ್ತು ಬೇಕಾಗಲಿಲ್ಲ.

“ಹನ್ನೊಂದ ಪುಟ ಅದಾವಲ್ರಿ” ಎಂದಳು. “ಉಳಿದದ್ದು ಎಲ್ಲೈತಿ?”

ಉಳಿದದ್ದು ಐರೋಲಿಯಿಂದ ಖಾಂದೇಶ್ವರದವರೆಗೆ ದಿನವೂ ನಡೆಯುತ್ತಿದೆ ಎಂದು ಅವಳಿಗೆ ಹೇಗೆ ಹೇಳುವುದು? ಪರಿಚಯ ಬೆಳೆಸುವ ಗಡಿಬಿಡಿಯಲ್ಲಿ ಬರೆಯುವುದೊಂದು ಬಾಕಿಯಾಗಿತ್ತು ಎಂದೆ. ಅವಳು ಕಾಗದಗಳನ್ನು ಅಂಚು ಸರಿಮಾಡಿ ಇಟ್ಟು, ಫ್ಯಾನಿನ ಗಾಳಿಗೆ ಹಾರದಂತೆ ಅವುಗಳ ಮೇಲೆ ಉಪ್ಪಿನ ಡಬ್ಬಿ ಹೇರಿ ಒಳಗೆ ಹೋದಳು. ಆ ಶುಕ್ರವಾರ ಕಳೆದು ಈಗ ಮೂರು ವಾರವಾಯಿತು. ನಾನು ಸುಮ್ಮನೆ ಕುಳಿತಿಲ್ಲ. ಹನ್ನೆರಡನೆಯ ಪುಟದಲ್ಲಿದ್ದೇನೆ.