ಐದನೇ ಬಾಟಲಿಯ ಕೆರೆ ಮೀನು

ಒಂದು ತುಂಡು ಹುರಿದ ಮೀನಿಗೆ ಮನುಷ್ಯ ಕೆಲಸ ಕಳೆದುಕೊಳ್ಳಬಹುದೇ? ಖಂಡಿತ ಕಳೆದುಕೊಳ್ಳಬಹುದು ಸ್ವಾಮಿ, ಆ ಮನುಷ್ಯ ನಮ್ಮ ಬಾಟ್ಲಿರಾಯನಾಗಿದ್ದರೆ.

ಮೀನು ಸಂಶೋಧನಾ ಕೇಂದ್ರದವರು ಅವನಿಗಿಟ್ಟ ಹೆಸರು ಅದು. ದೋಣಿಯಲ್ಲಿ ಹೋಗಿ ಬಾಟಲಿಗಳಲ್ಲಿ ಸಮುದ್ರದ ನೀರು ತುಂಬಿ ತರುವುದು ಅವನ ಕೆಲಸ. ಮೀನು ಓಡಾಡಿದ ನೀರಿನಲ್ಲಿ ಅದರ ಲೋಳೆ, ಹುರುಪೆ ಒಂದಿಷ್ಟಾದರೂ ಉಳಿದಿರುತ್ತದಲ್ಲ! ಆ ನೀರು ಸೋಸಿ ಅದರಲ್ಲಿರುವ ಡಿಎನ್ಎ ಓದಿದರೆ, ಬಲೆ ಬೀಸದೆಯೇ ಅಲ್ಲಿ ಯಾವ ಯಾವ ಮೀನಿದೆಯೆಂದು ತಿಳಿಯುತ್ತದೆ. ಹಾಗಾಗಿ ದೋಣಿಯಲ್ಲಿ ಏನೂ ತಿನ್ನಬಾರದು, ಬರಿಗೈಯಲ್ಲಿ ಬಾಟಲಿ ಮುಟ್ಟಬಾರದು ಎಂದು ಕಟ್ಟಪ್ಪಣೆ. ವರ್ಷಗಟ್ಟಲೆ ದಿನಗೂಲಿಯಲ್ಲಿ ಸವೆದವನ ಕಾಯಂ ಆದೇಶ ಆ ದಿನ ಸಾಹೇಬರ ಸಹಿಗೆ ಕಾದು ಕೂತಿತ್ತು.

ಅದೇ ಬೆಳಿಗ್ಗೆ ಹೋದ ವಾರದ ನೀರಿನ ಪರೀಕ್ಷೆಯ ವರದಿ ಬಂತು. ನಡುಸಮುದ್ರದ ಐದನೇ ಬಾಟಲಿಯಲ್ಲಿ ಕೆರೆ ಮೀನು!

“ಉಪ್ಪು ನೀರಲ್ಲಿ ಕೆರೆ ಮೀನು ಹೇಗ್ರೀ ಬದುಕತ್ತೆ?” ಲೆಕ್ಕದವರು ಕನ್ನಡಕ ಏರಿಸಿದರು.

“ಈಗಿನ ಕಾಲದಲ್ಲಿ ಎಲ್ರೂ ಎಲ್ಲಾದ್ರೂ ಬದುಕ್ತಾರೆ ಬಿಡಿ,” ಎಂದಳು ಟೈಪಿಸ್ಟ್. ಅವಳು ಸಾಹೇಬರ ಹೆಂಡತಿಯ ತಂಗಿ. ಆಫೀಸಿನಲ್ಲಿ ಸೂಜಿ ಬಿದ್ದರೂ ಸಾಹೇಬರ ಮನೆಗೆ ಸದ್ದು ಮುಟ್ಟಿಸುವವಳು. “ಯಾರದ್ದೋ ಕೈಗೆ ಮೀನು ಮೆತ್ತಿತ್ತೋ ಏನೋ!”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬಾಟ್ಲಿರಾಯ ತನ್ನ ಬೆರಳು ಮೂಸಿ ನೋಡಿಕೊಂಡ. ಹೋದ ವಾರ ಹಸಿವು ತಾಳಲಾರದೆ, ಜೊತೆಗೆ ಬಂದಿದ್ದ ಸಾಹೇಬರ ಕಣ್ಣು ತಪ್ಪಿಸಿ ದೋಣಿಯಲ್ಲಿ ಡಬ್ಬಿ ಬಿಚ್ಚಿ ಒಂದು ತುಂಡು ತಿಂದಿದ್ದ ಪುಣ್ಯಾತ್ಮ. ಕೈ ತೊಳೆದು ಕೈಗವಸು ಹಾಕಿಕೊಂಡಿದ್ದನೇನೋ ನಿಜ. ಆದರೂ! ಹಿತ್ತಲಿಗೆ ಓಡಿ ಹೆಂಡತಿಗೆ ಫೋನು ಮಾಡಿದ.

“ಅವತ್ತು ಹುರಿದದ್ದು ಯಾವ ಮೀನೇ?”

“ಕೆರೇದು. ಯಾಕೆ, ಮುಳ್ಳು ಈಗ ಚುಚ್ತಾ ಇದ್ಯಾ?”

ಅವನು ಫೋನು ಇಟ್ಟುಬಿಟ್ಟ. ಒಳಗೆ ಬಂದರೆ ಸಾಹೇಬರು ಕುಣಿಯುವುದೊಂದು ಬಾಕಿ. “ನಾನೇ ಖುದ್ದಾಗಿ ದೋಣೀಲಿ ನಿಂತು ಮುಚ್ಚಳ ಹಾಕಿದ ಬಾಟಲಿ ಅದು! ಕೆರೆ ಮೀನು ಸಮುದ್ರಕ್ಕೆ ಇಳಿದಿದೆ ಅಂದ್ರೆ ಸಣ್ಣ ಮಾತಾ? ಪತ್ರಿಕೆಯವರನ್ನ ಕರೀರಿ! ಮೇಲಿನವರಿಗೆ ತಿಳಿಸಿ!”

ಲೆಕ್ಕದವರು ಕುರ್ಚಿ ಜೋಡಿಸತೊಡಗಿದರು. ಟೈಪಿಸ್ಟ್ ಅಕ್ಕನಿಗೆ ಫೋನು ಹಚ್ಚಿ, “ಭಾವನ ಫೋಟೋ ಬರತ್ತಂತೆ!” ಎಂದಳು. ಸುಳ್ಳು ಪತ್ರಿಕೆಯಲ್ಲಿ ಬಂದು ನಾಳೆ ಬಯಲಾದರೆ ಕಾಯಂ ಕೆಲಸವೂ ಇಲ್ಲ, ದಿನಗೂಲಿಯೂ ಇಲ್ಲ. ಬಾಟ್ಲಿರಾಯ ದೇವರ ಮೇಲೆ ಭಾರ ಹಾಕಿ ಸಾಹೇಬರ ಕೋಣೆಗೆ ನುಗ್ಗಿ ಬಾಗಿಲು ಹಾಕಿದ.

“ತಪ್ಪಾಯ್ತು ಸಾರ್. ಅದು ಸಮುದ್ರದ ಮೀನಲ್ಲ, ನನ್ನ ಡಬ್ಬೀದು. ಹುರಿದ ಕೆರೆ ಮೀನು.”

ಸಾಹೇಬರ ಮುಖ ಸುಣ್ಣ ಬಳಿದ ಗೋಡೆಯಂತಾಯಿತು.

“ಅಯ್ಯೋ! ಅದು ಕೆರೆ ಮೀನಾ? ತಿನ್ನುವಾಗ ನಾನು ಸಮುದ್ರದ್ದೇ ಅಂದ್ಕೊಂಡೆನಲ್ರೀ!”



“ಸಾರ್... ನೀವೂ?”

“ಮೆಲ್ಲಗೆ ಮಾತಾಡ್ರೀ! ನೀವು ಆ ಕಡೆ ತಿರುಗಿ ಹಗ್ಗ ಎಳೀತಿದ್ರಿ, ಡಬ್ಬಿ ಘಮ ಅಂತಿತ್ತು. ಎರಡೇ ತುಂಡು. ಆಮೇಲೆ ಹಾಗೇ ಮುಚ್ಚಳ ತಿರುಗಿಸಿಬಿಟ್ಟೆ. ಕರಿದದ್ದು, ಹುರಿದದ್ದು ಮುಟ್ಟಲೇಬಾರದು ಅಂತ ಡಾಕ್ಟ್ರು ಹೇಳಿದಾರೆ. ಹೊರಗೆ ಕೂತಿರೋಳ ಕಿವಿಗೆ ಬಿದ್ರೆ ಸಂಜೆಗೆ ಅವಳಕ್ಕ ನನ್ನನ್ನೇ ಹುರಿದುಬಿಡ್ತಾಳೆ.”

ಬಾಟ್ಲಿರಾಯನಿಗೆ ಹೋದ ಜೀವ ಬಂದಂತಾಯಿತು. ಸಾಹೇಬರೇ ಸಿಕ್ಕಿಬಿದ್ದ ಮೇಲೆ ಇನ್ನೇನು ಭಯ! ಸಹಿ ಈಗಲೇ ಬೀಳುತ್ತದೆ ಎಂದು ಜೇಬಿನಿಂದ ಪೆನ್ನು ತೆಗೆದು ಮುಂದೆ ಹಿಡಿದ.

ಸಾಹೇಬರು ಪೆನ್ನು ಮುಟ್ಟಲಿಲ್ಲ. ಬಾಗಿಲು ತೆರೆದು ಎಲ್ಲರಿಗೂ ಕೇಳುವಂತೆ ಗುಡುಗಿದರು: “ದೋಣೀಲಿ ಮೀನು ತಿಂದವರು ಇವರೇ ಅಂತೆ! ಪತ್ರಿಕೆಯವರು ಬೇಡ. ಪಾಪ, ತಾವಾಗೇ ಒಪ್ಪಿಕೊಂಡಿದಾರೆ, ಕೆಲಸದಿಂದ ತೆಗೆಯೋದಿಲ್ಲ. ಆದರೆ ಕಾಯಂ ವಿಚಾರ ಮುಂದಿನ ವರ್ಷ ನೋಡೋಣ.”

ಬಾಟ್ಲಿರಾಯ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ದೊಡ್ಡದೊಂದು ಉಸಿರುಬಿಟ್ಟ.

ಸಂಜೆ ಮನೆಗೆ ಹೊರಟಾಗ ಸಾಹೇಬರು ಗೇಟಿನವರೆಗೂ ಬಂದು ಭುಜ ತಟ್ಟಿದರು.

“ನಾಳೆ ಮತ್ತೆ ನೀರು ತರಬೇಕಲ್ಲ, ನಾನೂ ಬರ್ತೀನಿ. ಖರ್ಚಾದ್ರೂ ಚಿಂತೆಯಿಲ್ಲ, ಸಮುದ್ರದ ಮೀನೇ ಹುರಿಸಿಕೊಂಡು ಬನ್ನಿ. ವರದೀಲಿ ಯಾರಿಗೂ ಗೊತ್ತಾಗಲ್ಲ.”