ಹಿಮ್ಮುಖ ನಡಿಗೆಯ ಮುಂದಾಳು

ಮನುಷ್ಯ ದಪ್ಪಗಾಗಿದ್ದಾನೆಂದು ಅವನಿಗೆ ಮೊದಲು ಹೇಳುವುದು ಕನ್ನಡಿಯಲ್ಲ, ಹೆಂಡತಿಯೂ ಅಲ್ಲ, ಅವನ ಪ್ಯಾಂಟು. ಒಂದು ಬೆಳಿಗ್ಗೆ ಗುಂಡಿಯು ಕಾಜಾದ ಹತ್ತಿರ ಸುಳಿಯಲು ಒಪ್ಪುವುದಿಲ್ಲ. ಅವನು ಉಸಿರು ಬಿಗಿ ಹಿಡಿಯುತ್ತಾನೆ, ಹೊಟ್ಟೆಯನ್ನು ಬೆನ್ನಿಗೆ ಅಂಟಿಸಲು ನೋಡುತ್ತಾನೆ, ಕೊನೆಗೆ ಸೋತು ಪ್ಯಾಂಟನ್ನು ಚೀಲದೊಳಗೆ ತುರುಕಿಕೊಂಡು ನನ್ನ ಅಂಗಡಿಗೆ ಬರುತ್ತಾನೆ. "ಒಗೆದಾಗ ಬಟ್ಟೆ ಕುಗ್ಗಿಬಿಟ್ಟಿದೆ ಮಾರಾಯ್ರೇ, ಸ್ವಲ್ಪ ಬಿಟ್ಟುಕೊಡಿ" ಎನ್ನುತ್ತಾನೆ. (ನಾನು ಕತ್ತರಿ ಹಿಡಿದಾಗಿನಿಂದ ಈ ಬೀದಿಯಲ್ಲಿ ಒಬ್ಬರ ಹೊಟ್ಟೆಯೂ ಬೆಳೆದಿಲ್ಲ. ಎಲ್ಲರ ಬಟ್ಟೆಯೂ ಕುಗ್ಗಿದೆ.)

ನಾನು ದರ್ಜಿ. ಆದ್ದರಿಂದ ನನಗೆ ಮಾತ್ರ ಆ ಎಚ್ಚರಿಕೆ ಯಾವತ್ತೂ ಸಿಗಲಿಲ್ಲ. ಪ್ಯಾಂಟು ಬಿಗಿಯಾಯಿತು ಅನ್ನಿಸಿದ ದಿನವೇ ಹಿಂದಿನ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆಯನ್ನು ಒಂದಿಷ್ಟು ಹೊರಗೆ ಬಿಟ್ಟು, ಮತ್ತೆ ಹೊಲಿದುಬಿಡುತ್ತಿದ್ದೆ. ಚಹಾ ಆರುವುದರೊಳಗೆ ಮುಗಿಯುವ ಕೆಲಸ. ಹೀಗೆ ನಾನೂ ನನ್ನ ಪ್ಯಾಂಟೂ ಒಬ್ಬರನ್ನೊಬ್ಬರು ನೋಯಿಸದೆ, ಅನ್ಯೋನ್ಯವಾಗಿ ಹಿಗ್ಗುತ್ತ ಬಂದೆವು. ಹೊಟ್ಟೆಪಾಡಿಗಾಗಿ ಹೊಲಿಯಲು ಕೂತವನು ನಾನು; ಕೊನೆಗೆ ಹೊಟ್ಟೆಯದೇ ಒಂದು ಪಾಡಾಯಿತು.

ಅದು ಬಯಲಾದದ್ದು ಪೋಸ್ಟ್ ಮಾಸ್ಟರರ ಕಾಲ ಬುಡದಲ್ಲಿ. ಅವರು ಕಂದು ಬಣ್ಣದ, ಸಣ್ಣ ಕೆಂಪು ಗೆರೆಯ ಒಳ್ಳೆಯ ಬಟ್ಟೆ ತಂದಿದ್ದರು. ಸೊಂಟದ ಅಳತೆ ತೆಗೆದೆ. ಕಾಲಿನ ಉದ್ದ ತೆಗೆಯಲು ಅವರ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ಕೂತದ್ದು ಸುಲಭವಾಗಿಯೇ ಆಯಿತು, ಭೂಮಿ ಸಹಕರಿಸಿತು. ಏಳುವುದಕ್ಕೆ ಯಾರೂ ಸಹಕರಿಸಲಿಲ್ಲ.

"ಅಳತೆ ಆಯ್ತಲ್ವಾ? ಏಳಿ" ಎಂದರು ಅವರು.

"ಏಳ್ತಾ ಇದೀನಿ ಸಾರ್."

"ಎಲ್ಲಿ ಏಳ್ತಾ ಇದೀರಿ? ಕೂತೇ ಇದೀರಲ್ಲ!"

"ಮನಸ್ಸು ಎದ್ದಾಗಿದೆ ಸಾರ್. ಮೈ ಹಿಂದೆ ಬರ್ತಾ ಇದೆ."

ಮೈ ಬರಲಿಲ್ಲ. ಮಂಡಿ ಕಟಕಟ ಎಂದಿತು. ಆಯ ತಪ್ಪಿ ಹಿಂದಕ್ಕೆ ಉರುಳುವವನು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡೆ. ಸಿಕ್ಕಿದ್ದು ಪೋಸ್ಟ್ ಮಾಸ್ಟರರು ತೊಟ್ಟಿದ್ದ ಪ್ಯಾಂಟು. ಅವರು ಕೂಗಿದರು. ಅಂಗಡಿಯ ಪರದೆಯ ಹಿಂದೆ ಕೂತು ಗುಂಡಿ ಹಾಕುತ್ತಿದ್ದ ನನ್ನ ಹೆಂಡತಿ ಬಾಯಲ್ಲಿ ದಾರ ಕಚ್ಚಿಕೊಂಡೇ ಓಡಿ ಬಂದಳು.

"ರೀ! ಮೊದಲು ಅವರ ಪ್ಯಾಂಟ್ ಬಿಡ್ರೀ!"

"ಬಿಟ್ರೆ ಬೀಳ್ತೀನಿ ಕಣೇ!"

"ಬಿಡದೇ ಇದ್ರೆ ಅದು ಬೀಳತ್ತೆ!"

ಒಂದು ಕೈಯಲ್ಲಿ ತಮ್ಮ ಮಾನವನ್ನೂ ಇನ್ನೊಂದರಲ್ಲಿ ನನ್ನ ರಟ್ಟೆಯನ್ನೂ ಹಿಡಿದ ಪೋಸ್ಟ್ ಮಾಸ್ಟರರು ಮತ್ತು ನನ್ನ ಅರ್ಧಾಂಗಿ ಸೇರಿ ನನ್ನನ್ನು ಎತ್ತಿ ನಿಲ್ಲಿಸಿದರು. ನಾನು ಏದುಸಿರು ಬಿಡುತ್ತ ಮೇಜಿಗೆ ಒರಗಿದೆ. ಹೆಂಡತಿ ನಗಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ, ಅದರಲ್ಲೂ ನಡುವಿನ ಪ್ರದೇಶದಲ್ಲಿ ಹೆಚ್ಚು ಹೊತ್ತು, ನೋಡಿದಳು. ಅವಳ ಮುಖದಲ್ಲಿ ಭಯವಿತ್ತು.

"ಇನ್ನು ಸಾಕು" ಎಂದಳು ಮೆಲ್ಲಗೆ. "ನಾಳೆಯಿಂದ ನೀವು ಇಳೀಬೇಕು."

ಮರುದಿನದಿಂದ ನಮ್ಮ ಮನೆಯಲ್ಲಿ ಆರೋಗ್ಯದ ಆಳ್ವಿಕೆ ಶುರುವಾಯಿತು. ತಟ್ಟೆಗೆ ಸೌತೆಕಾಯಿ ಬಂತು, ಕ್ಯಾರೆಟ್ ಬಂತು, ಬೆಂದು ಬೆಂದು ತನ್ನ ಹೆಸರನ್ನೇ ಮರೆತ ಯಾವುದೋ ಸೊಪ್ಪು ಬಂತು. ಸಕ್ಕರೆ ಡಬ್ಬಿ ಮನೆ ಬಿಟ್ಟು ಹೋಯಿತು. ಬೆಳಗಾಗುತ್ತಲೇ ನನ್ನನ್ನು ಬಾಗಿಲಿನಿಂದ ಹೊರಗೆ ತಳ್ಳಿ, "ಪಾರ್ಕಿಗೆ ಒಂದು ಸುತ್ತು ಹಾಕಿಕೊಂಡೇ ಒಳಗೆ ಬನ್ನಿ" ಎಂದು ಚಿಲಕ ಹಾಕಿಕೊಳ್ಳುತ್ತಿದ್ದಳು. ಇನ್ನು ಪ್ರತಿ ಭಾನುವಾರ ಪರೀಕ್ಷೆ. ನನ್ನ ಹಳೆಯ ಕಂದು ಪ್ಯಾಂಟನ್ನು ತೊಟ್ಟು ನಾನು ಅವಳ ಮುಂದೆ ನಿಲ್ಲಬೇಕು. ಅವಳು ಸೊಂಟಪಟ್ಟಿಯೊಳಗೆ ಬೆರಳು ತೂರಿಸಿ ನೋಡುತ್ತಾಳೆ. ಬೆರಳು ಹೋದರೆ ಪಾಸು.

ನಾನು ನಡೆಯಲಿಲ್ಲವೆಂದು ಯಾರೂ ಹೇಳುವಂತಿಲ್ಲ. ದಿನವೂ ನಡೆದೆ. ಬೀದಿಯ ತಿರುವಿನವರೆಗೆ ನಡೆದೆ. ಅಲ್ಲಿ ಬೇಕರಿ ಇತ್ತು. ಅದಕ್ಕೊಂದು ಹಿಂಬಾಗಿಲಿತ್ತು. ಒಳಗೆ ಮೈದಾ ಮೂಟೆಯ ಮೇಲೆ ಕೂತು, ಒಲೆಯಿಂದ ಆಗತಾನೆ ಇಳಿದ ಬನ್ನಿಗೆ ಬೆಣ್ಣೆ ಸವರಿ ತಿಂದು, ಹೊರಡುವಾಗ ಹಣೆಗೆ ನಾಲ್ಕು ಹನಿ ನೀರು ಚಿಮುಕಿಸಿಕೊಂಡರೆ ಆಯಿತು. ಬೆವರಿಳಿಸಿದ ಗಂಡ ಸಿದ್ಧ.

ಮೊದಲ ಭಾನುವಾರ ಬೆರಳು ಹೋಗಲಿಲ್ಲ. ಮುಂದಿನ ಭಾನುವಾರವೂ ಹೋಗಲಿಲ್ಲ. ಹೆಂಡತಿ ತನ್ನ ತಟ್ಟೆಯಲ್ಲಿದ್ದ ಅನ್ನವನ್ನೂ ಕಡಿಮೆ ಮಾಡಿ, "ನಿಮ್ಮ ಜೊತೆ ನಾನೂ ಪಥ್ಯ ಮಾಡ್ತೀನಿ, ಆಗ ನಿಮಗೆ ಬೇಜಾರಾಗಲ್ಲ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತು ನೇರವಾಗಿ ಎದೆಗೆ ನಾಟಿತು. ಅವಳನ್ನು ಸಂತೋಷಪಡಿಸಲೇಬೇಕೆಂದು ಆಗಲೇ ಘನ ಸಂಕಲ್ಪ ತೊಟ್ಟೆ. ಅದಕ್ಕೆ ಎರಡು ದಾರಿಗಳಿದ್ದವು. ಒಂದು, ಬನ್ನು ಬಿಡುವುದು. ಇನ್ನೊಂದು, ಹೊಲಿಗೆ ಬಿಡುವುದು.

ಹೊಲಿಗೆ ಬಿಟ್ಟೆ.

ಆ ಭಾನುವಾರ ಬೆರಳು ಸರ್ರನೆ ಒಳಗೆ ಹೋಯಿತು. ಹೆಂಡತಿಯ ಕಣ್ಣರಳಿತು. "ಅಯ್ಯೋ, ಇಳಿದಿದೀರಿ ಕಣ್ರೀ!" ಎಂದು ಕೈ ತಟ್ಟಿದಳು. ಅದರ ಮುಂದಿನ ವಾರ ಇನ್ನೊಂದಿಷ್ಟು ಬಿಚ್ಚಿದೆ. ಇಡೀ ಮುಷ್ಟಿ ಹೋಯಿತು. ಅವಳಿಗೆ ಹೇಳಿಕೊಳ್ಳದೆ ಇರಲು ಆಗಲಿಲ್ಲ. ಎದುರುಮನೆಯಾಕೆಗೆ ಹೇಳಿದಳು, ಔಷಧಿ ಅಂಗಡಿಯವನ ಹೆಂಡತಿಗೆ ಹೇಳಿದಳು, ಸಂಗೀತದ ಮೇಷ್ಟರ ತಾಯಿಗೆ ಹೇಳಿದಳು. ಅವರೆಲ್ಲ ಮನೆಗೆ ಹೋಗಿ ತಮ್ಮ ತಮ್ಮ ಗಂಡಸರ ಹೊಟ್ಟೆಯನ್ನು ನೋಡಿದರು. ಸಂಜೆಯ ಹೊತ್ತಿಗೆ ನನ್ನ ಅಂಗಡಿಯ ಮುಂದೆ ಹೊಟ್ಟೆಗಳ ಸಾಲು.

"ಏನು ಮಾಡಿದ್ರಿ ಹೇಳಿ. ನಮ್ಮವಳು ಕೇಳಿಕೊಂಡು ಬಾ ಅಂತ ಅಟ್ಟಿದಾಳೆ" ಎಂದ ಔಷಧಿ ಅಂಗಡಿಯವನು.

ಕೇಳಿದವರಿಗೆ ಇಲ್ಲವೆನ್ನುವ ಜಾಯಮಾನ ನನ್ನದಲ್ಲ. ಕತ್ತರಿ ಕೆಳಗಿಟ್ಟು, ಟೇಪನ್ನು ಹಾರದ ಹಾಗೆ ಕೊರಳಿಗೆ ಹಾಕಿಕೊಂಡು, ಉಪದೇಶಕ್ಕೆ ನಿಂತೆ. "ತುತ್ತನ್ನು ನುಂಗಬೇಡಿ, ಅದಕ್ಕೇ ಬೇಜಾರಾಗಿ ಒಳಗೆ ಹೋಗುವವರೆಗೆ ಅಗಿಯಿರಿ" ಎಂದೆ. ಎಲ್ಲರೂ ತಲೆದೂಗಿದರು. ಪೋಸ್ಟ್ ಮಾಸ್ಟರರೂ ಇದ್ದರು. (ಅವರು ಅವತ್ತಿನಿಂದ ಒಂದು ಕೈಯನ್ನು ಬೆಲ್ಟಿನ ಮೇಲಿಟ್ಟುಕೊಂಡೇ ನನ್ನ ಅಂಗಡಿಗೆ ಬರುತ್ತಿದ್ದರು.)

"ಅದು ಸರಿ. ಬೆಳಿಗ್ಗೆ ಯಾವ ಕಡೆಯಿಂದ ಹೋಗ್ತೀರಿ?" ಎಂದು ಕೇಳಿದರು.

ನನ್ನ ಮನಸ್ಸು ಬನ್ನಿನ ಮೇಲಿತ್ತು. "ಹಿಂಬಾ..." ಎಂದುಬಿಟ್ಟೆ.

"ಹಿಂಬಾ?"

"ಹಿಮ್... ಹಿಮ್ಮುಖವಾಗಿ!" ಎಂದೆ. "ಮುಮ್ಮುಖವಾಗಿ ನಡೆದರೆ ಹೊಟ್ಟೆ ಮುಂದೆ ಬರತ್ತೆ. ಹಿಮ್ಮುಖವಾಗಿ ನಡೆದರೆ ಒಳಗೆ ಹೋಗತ್ತೆ. ಸರಳ ವಿಜ್ಞಾನ."

ಮರುದಿನ ಬೆಳಿಗ್ಗೆ ನಾನು ಬಾಗಿಲು ತೆರೆದರೆ ಅವರೆಲ್ಲ ಹೊರಗೆ ನಿಂತಿದ್ದರು. ಪಕ್ಕದಲ್ಲಿ ನನ್ನ ಹೆಂಡತಿ ಹೆಮ್ಮೆಯಿಂದ ಬೀಗುತ್ತಿದ್ದಳು. "ನಾನೇ ಬರೋಕೆ ಹೇಳಿದೆ ರೀ. ನೀವೊಬ್ಬರೇ ಇಳಿದರೆ ಸಾಕಾ? ನಾಲ್ಕು ಜನಕ್ಕೆ ದಾರಿ ತೋರಿಸಿ."

ಹಿಂದು ಮುಂದು ನೋಡದೆ ಹೇಳಿದ ಒಂದು ಮಾತಿಗೆ ಇಡೀ ಬೀದಿ ಹಿಂದು ಮುಂದಾಯಿತು. ನಾನು ಮುಂದಾಳು; ಆದರೆ ಮುಂದೆ ಹೋಗುತ್ತಿದ್ದದ್ದು ನನ್ನ ಬೆನ್ನು. ಬೇಕರಿ ಬಂತು. "ಏನಣ್ಣ, ಇವತ್ತು ಒಳಗೆ ಬರಲ್ವಾ?" ಎಂದು ಕೂಗಿದ ಬೇಕರಿಯವನು.

"ಇಲ್ಲ ಇಲ್ಲ, ನಿನ್ನ ಅಂಗಿ ಇನ್ನೂ ಹೊಲಿದಾಗಿಲ್ಲ!" ಎಂದು ನಾನೂ ಕೂಗಿದೆ. ಅವನು ಜಾಣ. ಮಧ್ಯಾಹ್ನ ಒಂದು ಅಂಗಿಯ ಪೊಟ್ಟಣ ತಂದು, "ಕಾಜಾ ಹಾಕಿಡಿ ಅಣ್ಣ" ಎಂದು ಕಣ್ಣು ಮಿಟುಕಿಸಿ ಹೋದ. ಬಿಚ್ಚಿದರೆ ಅಂಗಿಯ ಎರಡೂ ತೋಳುಗಳಲ್ಲಿ ಬನ್ನು. ಅಂದಿನಿಂದ ಆ ಅಂಗಿಗೆ ದಿನವೂ ಕಾಜಾ ಬೇಕಾಗುತ್ತಿತ್ತು.

ಹೀಗಿರುವಾಗ ಹೆಂಡತಿ ಒಂದು ದಿನ ಹೇಳಿದಳು: "ಈ ಭಾನುವಾರ ಪರೀಕ್ಷೆ ಮನೇಲಿ ಬೇಡ. ಪಾರ್ಕಿನಲ್ಲಿ ಎಲ್ಲರ ಮುಂದೆ ಮಾಡೋಣ. ಹೆಂಗಸರೂ ಬರ್ತಾರಂತೆ."

ಪ್ಯಾಂಟಿನೊಳಗೆ ಬಿಡಲು ಇನ್ನು ಒಂದು ಎಳೆ ಬಟ್ಟೆಯೂ ಉಳಿದಿರಲಿಲ್ಲ. ಇಷ್ಟು ಜನರೆದುರು ಮುಷ್ಟಿಗಿಂತ ಹೆಚ್ಚಿನದೇನಾದರೂ ಹೋಗದಿದ್ದರೆ ಮುಂದಾಳಿನ ಮಾನ ಏನಾದೀತು? ಆಗ ಮೇಜಿನ ಕೆಳಗೆ ಪೋಸ್ಟ್ ಮಾಸ್ಟರರ ಬಟ್ಟೆಯಲ್ಲಿ ಮಿಕ್ಕ ತುಂಡು ಕಂಡಿತು. ಅದೇ ಕಂದು. ಕೆಂಪು ಗೆರೆ ಇತ್ತು, ನಿಜ. ಆದರೆ ಅದನ್ನು ಯಾರು ಹತ್ತಿರ ಬಂದು ನೋಡುತ್ತಾರೆ? ("ಸರಿಯಾಗಿ ಸಾಕಾಯ್ತು ಸಾರ್, ಒಂದು ಚೂರೂ ಮಿಗಲಿಲ್ಲ" ಎಂದು ಅವರಿಗೆ ಹೇಳಿದ್ದೆ. ಇದು ವೃತ್ತಿಯ ಮಾತು. ಸುಳ್ಳಿನ ಲೆಕ್ಕಕ್ಕೆ ಬರುವುದಿಲ್ಲ.) ಪ್ಯಾಂಟಿನ ಹಿಂಭಾಗವನ್ನು ಸೀಳಿ, ಆ ತುಂಡನ್ನು ಕಲ್ಲಂಗಡಿ ಹೋಳಿನಂತೆ ಕತ್ತರಿಸಿ ಕೂರಿಸಿದೆ. ನಡಿಗೆ ಹಿಮ್ಮುಖ. ನನ್ನ ಹಿಂದೆ ಬರುವವರೆಲ್ಲ ನನಗೆ ಬೆನ್ನು ಹಾಕಿರುತ್ತಾರೆ. ನನ್ನ ಹಿಂಭಾಗವನ್ನು ನೋಡುವವರು ಲೋಕದಲ್ಲೇ ಇಲ್ಲ ಎಂದು ಲೆಕ್ಕ ಹಾಕಿದೆ.

ಭಾನುವಾರ ಸಡಿಲು ಎದ್ದು ಕಾಣಲೆಂದು ಅಂಗಿಯನ್ನು ಒಳಗೆ ಸೇರಿಸಿ, ಪ್ಯಾಂಟನ್ನು ಬೆಲ್ಟಿನಿಂದ ಬಿಗಿದು, ಮೆರವಣಿಗೆ ಹೊರಡಿಸಿದೆ. ಗಾಂಭೀರ್ಯದಿಂದ ಹಿಂದಕ್ಕೆ ಹಿಂದಕ್ಕೆ ನಡೆದೆ. ಪಾರ್ಕಿನ ಆ ತುದಿಯ ಬೆಂಚಿನ ಮೇಲೆ ಹೆಂಗಸರೆಲ್ಲ ಕೂತಿದ್ದಾರೆಂಬುದು ನನ್ನ ಲೆಕ್ಕದಲ್ಲಿರಲಿಲ್ಲ. ಎದ್ದದ್ದು ತಡವಾಗಿ, ಹೊಸ ಪ್ಯಾಂಟು ತೊಟ್ಟು, ಎದುರು ಗೇಟಿನಿಂದ ಒಳಬಂದ ಪೋಸ್ಟ್ ಮಾಸ್ಟರರೂ ಆ ಲೆಕ್ಕದಲ್ಲಿರಲಿಲ್ಲ.

"ನಿಲ್ಲಿ!" ಎಂಬ ಗರ್ಜನೆ ಕೇಳಿತು. "ಅದು ನಂದು!"

ನಾನು ನಿಂತೆ. "ಯಾವುದು ಸಾರ್?"

"ನಿಮ್ಮ ಹಿಂದೆ ಇರೋದು!"

"ನನ್ನ ಹಿಂದೆ ಇರೋದು ನನ್ನದೇ ಸಾರ್."

"ಕೆಂಪು ಗೆರೆ ನೋಡ್ರೀ! ಇಲ್ಲಿ ನೋಡಿ, ಅಲ್ಲಿ ನೋಡಿ!" ಎಂದು ತಮ್ಮ ಪ್ಯಾಂಟನ್ನೂ ನನ್ನದನ್ನೂ ಸರದಿಯಂತೆ ಬೆಟ್ಟು ಮಾಡಿ ತೋರಿಸಿದರು.

ನಾನು ನಿಂತದ್ದು ಹಿಮ್ಮುಖವಾಗಿ ಬರುತ್ತಿದ್ದವರಿಗೆ ಹೇಗೆ ಗೊತ್ತಾಗಬೇಕು? ನಾನು ಪೋಸ್ಟ್ ಮಾಸ್ಟರರತ್ತ ತಿರುಗಿದೊಡನೆ ಔಷಧಿ ಅಂಗಡಿಯವನ ಬೆನ್ನು ನನ್ನ ಬೆನ್ನಿಗೆ ಬಡಿಯಿತು. ಸಂಗೀತದ ಮೇಷ್ಟರು ಅವನಿಗೆ ಬಡಿದರು. ಉಳಿದವರು ಒಬ್ಬರ ಮೇಲೊಬ್ಬರು. ನೋಡನೋಡುತ್ತಿದ್ದಂತೆ ಇಡೀ ಆರೋಗ್ಯ ಚಳವಳಿ ಹುಲ್ಲಿನ ಮೇಲೆ ರಾಶಿ ಬಿತ್ತು. ರಾಶಿಯ ಮುಂದೆ ಬೋರಲಾಗಿ ಮುಂದಾಳು. ಅವನ ಬಂಡವಾಳ ಆಕಾಶಕ್ಕೆ ಬಯಲು.

ಹೆಂಡತಿ ನಿಧಾನವಾಗಿ ಎದ್ದು ಬಂದಳು. ಬಗ್ಗಿ ನೋಡಿದಳು. "ತುಂಡು ಚೆನ್ನಾಗಿ ಕೂತಿದೆ" ಎಂದಳು. "ಹೊಲಿಗೆ ಮಾತ್ರ ಅವಸರದ್ದು."

"ನಿಂಗೆ... ಗೊತ್ತಾಯ್ತಾ?"

"ನೀವು ಹೊಲಿಗೆ ಬಿಚ್ಚಿದ ಮೊದಲನೇ ವಾರವೇ ಗೊತ್ತಾಯ್ತು. ದರ್ಜಿ ಹೆಂಡತಿ ಅಲ್ವಾ ನಾನು? ಬಿಚ್ಚಿದ ಕಡೆ ಬಣ್ಣ ಮಾಸಿರಲ್ಲ, ಹಳೇ ಹೊಲಿಗೆ ತೂತು ಸಾಲಾಗಿ ಕಾಣತ್ತೆ. ನಿಮ್ಮನ್ನ ಒಬ್ಬರನ್ನೇ ಬಿಟ್ಟರೆ ಬೇಕರಿಗೆ ಹೋಗ್ತೀರ. ಬೀದಿಯವರನ್ನೆಲ್ಲ ಬೆನ್ನಿಗೆ ಕಟ್ಟಿದರೆ ಎಲ್ಲಿಗೆ ಹೋಗ್ತೀರ? ಅದಕ್ಕೇ ಡಂಗುರ ಹೊಡೆದೆ."

"ಹಾಗಾದರೆ ಬನ್ನು..."

"ಬನ್ನೂ ಗೊತ್ತು. ಅಂಗಿ ಪೊಟ್ಟಣ ಶುರುವಾದ ದಿನದಿಂದ ಅವು ಗೋಧಿ ಹೊಟ್ಟಿನ ಬನ್ನು. ಸಕ್ಕರೆ ಇಲ್ಲ, ಬೆಣ್ಣೆ ಇಲ್ಲ. ನಾನೇ ಹೇಳಿ ಮಾಡಿಸ್ತಿದ್ದೆ."

ಅದಕ್ಕೇ ಎಷ್ಟು ಅಗಿದರೂ ಮುಗಿಯುತ್ತಿರಲಿಲ್ಲ! ಕದ್ದು ತಿಂದದ್ದೂ ಪಥ್ಯವೇ ಆಗಿತ್ತು. ಈ ಲೋಕದಲ್ಲಿ ಯಾರನ್ನು ನಂಬುವುದು?

ಅವಳು ನನ್ನನ್ನು ಎಬ್ಬಿಸಿ, ಸೊಂಟದಿಂದ ಟೇಪು ತೆಗೆದು, ಎಲ್ಲರೆದುರು ನನ್ನ ಸುತ್ತ ಹಿಡಿದಳು. ಒಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು, ಆಮೇಲೆ ಹುಲ್ಲಿನ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ರೀ, ನೀವು ನಿಜವಾಗಿಯೂ ಇಳಿದಿದೀರಿ! ಆ ತುಂಡು ಹಾಕದೇ ಇದ್ದಿದ್ರೂ ಮುಷ್ಟಿ ಹೋಗ್ತಿತ್ತು ಕಣ್ರೀ!"

ಸಡಿಲವಾದದ್ದೆಲ್ಲ ನನ್ನ ಸೂಜಿಯ ಕೈಚಳಕವೆಂದೇ ನಾನು ನಂಬಿದ್ದೆ. ರಾಶಿಯಿಂದ ಒಬ್ಬೊಬ್ಬರಾಗಿ ಎದ್ದವರೂ ನಗತೊಡಗಿದರು. ಪೋಸ್ಟ್ ಮಾಸ್ಟರರು ಮಾತ್ರ ಇನ್ನೂ ಬಿಗುಮಾನದಲ್ಲಿದ್ದರು. ಅಷ್ಟರಲ್ಲಿ ಅವರ ಹೊಸ ಪ್ಯಾಂಟು ಜಾರತೊಡಗಿತು. ನಾನು ಹಿಡಿದಿರಲಿಲ್ಲ, ತಾನಾಗಿಯೇ. ಅವರು ಅದನ್ನು ಮೇಲಕ್ಕೆಳೆದುಕೊಂಡು, ಆಶ್ಚರ್ಯದಿಂದ ಸೊಂಟ ಮುಟ್ಟಿ ನೋಡಿಕೊಂಡು, "ಅರೇ, ನಾನೂ ಇಳಿದಿದೀನಿ!" ಎಂದು ಮಗುವಿನ ಹಾಗೆ ಕುಣಿದರು. "ಆ ತುಂಡು ನೀವೇ ಇಟ್ಕೊಳ್ಳಿ, ಹೋಗಲಿ. ಇದನ್ನ ಮಾತ್ರ ಹಿಡಿದುಕೊಡಿ."

ಇಷ್ಟಾದ ಮೇಲೆ ಬೆಳಗಿನ ನಡಿಗೆ ನಿಲ್ಲುತ್ತದೆಂದು ನಾನು ಆಸೆಪಟ್ಟಿದ್ದೆ. ಮರುದಿನವೂ ಎಲ್ಲರೂ ಬಂದರು. ನಾನು ತಲೆ ತಗ್ಗಿಸಿ ಸಾಲಿನ ಕೊನೆಯಲ್ಲಿ ನಿಂತೆ.

"ಇವತ್ತಿಂದ ಎಲ್ಲರೂ ಮನುಷ್ಯರ ಥರ ಮುಂದಕ್ಕೆ ನಡೀರಿ" ಎಂದು ಹೆಂಡತಿ ಅಪ್ಪಣೆ ಕೊಡಿಸಿದಳು. ಆಮೇಲೆ ನನ್ನತ್ತ ತಿರುಗಿ, "ರೀ, ಅಲ್ಯಾಕೆ ನಿಂತಿದೀರಾ? ಮುಂದೆ ಬನ್ನಿ" ಎಂದಳು.

ನನ್ನ ಎದೆ ಉಬ್ಬಿತು. "ಕ್ಷಮಿಸಿದೆಯೇನೇ? ಈಗಲೂ ನಾನೇ ಮುಂದಾಳಾ?"

"ಮುಂದಾಳಲ್ಲ. ಮುಂದೆ ಇದ್ರೆ ಎಲ್ಲರ ಕಣ್ಣೂ ನಿಮ್ಮ ಮೇಲಿರತ್ತೆ. ಹೊರಡಿ."

ಹೊರಟೆ. ಬೀದಿಯ ತಿರುವು ಹತ್ತಿರ ಬರುತ್ತಿದ್ದಂತೆ ಹಿಂದಿನಿಂದ ಪೋಸ್ಟ್ ಮಾಸ್ಟರರ ದನಿ ಬಂತು: "ಬೇಕರಿ ಬಂತು, ಕಾವಲು ಬಿಗಿ ಮಾಡಿ!" ಎಲ್ಲರೂ ಹೋ ಎಂದರು. ಅವರ ಕಣ್ಣು ತಪ್ಪಿಸಿ ನಾನು ಮೆಲ್ಲಗೆ ಹಿಂಬಾಗಿಲಿನತ್ತ ಓರೆನೋಟ ಬೀರಿದೆ. ಅದಕ್ಕೆ ಬೀಗ ಬಿದ್ದಿತ್ತು. ಬೇಕರಿಯವನು ನನ್ನ ಬೆನ್ನ ಹಿಂದೆಯೇ ಕೈ ಬೀಸಿಕೊಂಡು ನಡೆಯುತ್ತಿದ್ದ.