ವಾಯುವೇಗರಾಯನಿಗೆ ಎಂಥ ಮೈ ಬೇಕು

ಮಾನಪ್ಪನ ಕಣ್ಣಿಗೆ ಒಂದು ಸಜ್ಜೆಯ ಹೊಟ್ಟು ಬಿತ್ತು. ಆದದ್ದು ಅಷ್ಟೇ. ಕಣ್ಣುಜ್ಜಿಕೊಂಡು ಮತ್ತೆ ಓಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ರಂಗಂಪೇಟೆಯಲ್ಲಿ ಕೆಲಸವಿಲ್ಲದ ದೊಡ್ಡಮನುಷ್ಯರು ಮೂವರು ಕಟ್ಟೆಯ ಮೇಲೆ ಕೂತಿರುವಾಗ, ಕುರಿ ಕಾಯುವವನ ಕಣ್ಣಿನ ಹೊಟ್ಟು ಅವನೊಬ್ಬನ ಪಾಡಾಗಿ ಉಳಿಯುವುದಿಲ್ಲ.

ಅದು ದೊಡ್ಡಾಟದ ಕೊನೆಯ ತಾಲೀಮು. ಬೆಳಗಾದರೆ ಹೈದರಾಬಾದಿನ ಪಾಲು ಮುಗಿದು ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರುವವರಿದ್ದೆವು; ನಾಳೆ ರಾತ್ರಿ ಆ ಖುಷಿಗೆ ಆಟ. ಬರೆದವರು ಭಗವಂತರಾಯರು. ಜೀವಮಾನವೆಲ್ಲ ನಿಜಾಮರ ಕಚೇರಿಯಲ್ಲಿ ಉರ್ದು ಗೀಚಿ, ಕಳೆದ ತಿಂಗಳಷ್ಟೇ ಕನ್ನಡದ ಕವಿಯಾಗಿದ್ದರು. ಎಷ್ಟು ಬೇಗ ಕವಿಯಾದರೆಂಬುದು ಪದ್ಯ ಕೇಳಿದರೆ ಗೊತ್ತಾಗುತ್ತಿತ್ತು. ಕತೆ ಇಷ್ಟೆ: ವಿಘ್ನಾಸುರ ಒಂದು ನಿದ್ದೆ ತೆಗೆದು ಏಳುವುದರೊಳಗೆ, ಗಾಳಿಗಿಂತ ಜೋರಾಗಿ ಓಡುವ ವಾಯುವೇಗರಾಯ ಬೀದರಿನಿಂದ ಮೈಸೂರಿಗೆ, ಅಲ್ಲಿಂದ ಮಂಗಳೂರಿಗೆ, ಅಲ್ಲಿಂದ ಧಾರವಾಡಕ್ಕೆ ಓಡಿ, ಚೂರಾದ ಕನ್ನಡ ಸೀಮೆಯನ್ನೆಲ್ಲ ಒಂದೇ ದಾರದಲ್ಲಿ ಕಟ್ಟುತ್ತಾನೆ.

ಆ ನಾಯಕನ ಪಾತ್ರ ಮಾನಪ್ಪನಿಗೆ ಸಿಕ್ಕಿತ್ತು. ಈವರೆಗೆ ಅವನು ಪ್ರತಿ ಆಟದಲ್ಲೂ ಕರಡಿ. ತಲೆಯಿಂದ ಕಾಲಿನವರೆಗೆ ಕರಿ ಕಂಬಳಿ. ಅವನ ಅತ್ತೆ ಹಣಮಮ್ಮ ತಿಂಥಣಿಯ ಹೊಳೆದಂಡೆಯಲ್ಲಿ ಬಟ್ಟೆ ಒಗೆಯುತ್ತ, "ನಮ್ಮ ಅಳಿಯ ಕರಡಿ ಅದಾನವಾ," ಎಂದು ಊರಿಗೆಲ್ಲ ಹೇಳಿ ನಗಿಸುತ್ತಿದ್ದಳು. "ಈ ಸಲ ನಮ್ಮವ್ವ ಬರಾಕತ್ಯಾಳ," ಎಂದು ಹೆಂಡತಿ ಮಾಳಮ್ಮ ಮುಂಜಾನೆಯೇ ಖಡಕ್ಕಾಗಿ ಹೇಳಿದ್ದಳು. "ಮಾರಿ ಕಾಣಬೇಕು ನೋಡ್ರಿ. ಮಾರಿ ಕಾಣಲಿಲ್ಲಂದ್ರ ನಾ ಆಕಿ ಗಾಡಿ ಹತ್ತಿ ತಿಂಥಣಿಗಿ ಹೋಗತೀನಿ." ಮಾಳಮ್ಮ ಅಂದದ್ದನ್ನು ಮಾಡದೆ ಬಿಟ್ಟವಳಲ್ಲ.

"ಯಾಕ ನಿಂತ್ಯೋ ಮಾನ್ಯಾ?" ಎಂದರು ಕಿರಾಣಿ ಅಂಗಡಿಯ ಜಗದೇವಪ್ಪ. ಆಟದ ದೀಪಕ್ಕೆ ಎಣ್ಣೆ ಕೊಡುವವರು ಅವರೇ. ಎಣ್ಣೆಯ ಜೊತೆ ಬುದ್ಧಿಯನ್ನೂ ಪುಕ್ಕಟೆ ಹಂಚುತ್ತಿದ್ದರು.

"ಕಣ್ಣಾಗ ಹೊಟ್ಟು ಬಿತ್ತರಿ."

"ನೋಡ್ರಿ ರಾಯರ," ಎಂದು ಜಗದೇವಪ್ಪ ಭಗವಂತರಾಯರ ಕಡೆ ತಿರುಗಿದರು. "ಕುರಿ ಹಿಂದ ಓಡಿದಂಗ ಓಡಿದ್ರನ ಒಂದು ಹೊಟ್ಟು ಇವನ್ನ ನಿಂದ್ರಸ್ತದ. ವಾಯುವೇಗರಾಯ ಗಾಳಿಕಿಂತ ಜೋರು ಓಡಾವ. ಅವನ ಕಣ್ಣಾಗ ಹೊಕ್ಕ ಹೊಟ್ಟು ಹಿಂದಲೆ ತೂತು ಮಾಡಿ ಹೊರಗ ಬರಬೇಕಲ್ಲ?"

"ಅವ ವೀರ ಅದಾನ. ವೀರರ ಕಣ್ಣಾಗ ಹೊಟ್ಟು ಬೀಳಂಗಿಲ್ಲ," ಎಂದರು ರಾಯರು. ಹೇಳಿದ ಧಾಟಿಯಲ್ಲಿಯೇ ಅನುಮಾನವಿತ್ತು.

ಕುಸ್ತಿಯ ತಾಲೀಮುಖಾನೆಯ ಉಸ್ತಾದ ಜಲಾಲುದ್ದೀನ ಗಂಟಲು ಸರಿಮಾಡಿಕೊಂಡ. ಅವನದು ವಿಘ್ನಾಸುರನ ಪಾತ್ರ. ಆಟಪೂರ್ತಿ ಮುಸುಕೆಳೆದು ಮಲಗುವ ಪಾತ್ರ. ಅಂಥ ತೋಳುಗಳನ್ನು ಮುಸುಕಿನೊಳಗೆ ಇಟ್ಟದ್ದು ಅವನಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. "ಕಣ್ಣಿನ ಮಾತು ಬಿಡ್ರಿ," ಎಂದ. "ಅಷ್ಟು ಜೋರು ಓಡಾಕತ್ತಾವ ಏಕದಂ ನಿಂತ್ರ ಏನಾಗ್ತದ? ಮೈ ಇಲ್ಲೇ ನಿಲ್ತದ, ಕರುಳು ಮೈಸೂರತನಕ ಹೋಗ್ತಾವ. ಕಾಲು ಜೋರಿದ್ರ ಸಾಲದ್ರಿ, ಬದನ್, ಅಂದ್ರ ಮೈ, ಕಲ್ಲಾಗಿರಬೇಕು."

ಮೂವರೂ ಮಾನಪ್ಪನ ಎದೆಗೂಡನ್ನು ನೋಡಿದರು. ಒಣಹಾಕಿದ ಅಂಗಿಯಂತಿತ್ತು.

ರಾಯರು ಅಲ್ಲೇ ಪೆನ್ಸಿಲ್ ತೆಗೆದು ನಾಯಕನಿಗೆ ವಜ್ರಕಾಯದ ವರ ಬರೆದರು. ವರ ಕಾಣಬೇಕಲ್ಲ, ಅದಕ್ಕೆ ಜಗದೇವಪ್ಪ ಎರಡು ಎಣ್ಣೆ ಡಬ್ಬಿಗಳನ್ನು ಕೊಯ್ಸಿ ಮಾನಪ್ಪನ ಎದೆಗೊಂದು ಬೆನ್ನಿಗೊಂದು ಕಟ್ಟಿಸಿದರು. ಮಾನಪ್ಪ ಓಡಿದ. ಡಬ್ಬಿ ಹೊಯ್ಕೊಂಡವು. ಪಕ್ಕದ ಮನೆಯ ಎಮ್ಮೆ ಬೆದರಿ ಗೂಟ ಕಿತ್ತು ಎದುರಿಗೆ ಬಂತು. ಮಾನಪ್ಪ ಅದಕ್ಕೆ ದಾರಿ ಬಿಟ್ಟು ನೀರಿನ ಬಾನಿಯಲ್ಲಿ ಬಿದ್ದ. ಮೈ ಗಟ್ಟಿಯಾಗಲೆಂದು ಕಟ್ಟಿದ ತಗಡೇ ಅವನ ಮೈಯೆಲ್ಲ ತರಚಿತ್ತು. ಎಮ್ಮೆಯ ಒಡತಿ ಬಂದು ನಾಯಕನಿಗೂ ಕವಿಗೂ ಸೇರಿಸಿ ಬೈದು ಹೋದಳು.

ಜಲಾಲುದ್ದೀನ ಈಗ ಎದ್ದೇ ನಿಂತ. "ವಜ್ರದ ಮೈ ಅಂದ ಮ್ಯಾಲೆ ಅಸುರನ ಅಂಜಿಕಿ ಯಾಕ? ಅಂಜಿಕಿ ಇಲ್ಲಂದ್ರ ಓಡೋದ್ಯಾಕ? ಆರಾಮ ನಡಕೋತ ಹೋಗ್ಲಿ. ನಡಿಯಾಕ ನಾ ಅದೀನಿ. ಮಾನ್ಯಾ ಮುಸುಕು ಹಾಕ್ಕೊಂಡು ಮಲಗಲಿ."

"ಖರೇ ಅದ," ಎಂದರು ರಾಯರು. ಅವರಿಗೆ ಯಾರು ಕೊನೆಗೆ ಮಾತಾಡುತ್ತಾರೋ ಅವರದೇ ಖರೆ.

ಮಾನಪ್ಪನಿಗೆ ಎಲ್ಲ ಕಣ್ಣೆದುರು ಬಂತು. ಮತ್ತೆ ಮುಸುಕು, ಮತ್ತೆ ಹೊಳೆದಂಡೆಯ ನಗು, ಗಾಡಿ ಹತ್ತುವ ಹೆಂಡತಿ. ದೊಡ್ಡವರ ಮುಂದೆ ಎಂದೂ ಬಾಯಿ ತೆರೆಯದವನು ಅಂದು ತೆರೆದ.

"ಗಟ್ಟಿ ಮೈ ಬೇಕಾಗಿಲ್ಲರಿ ರಾಯರ. ಹೊಟ್ಟು ಬಂದು ಬಡಿಯಾಕ ಅದಕ್ಕೂ ಟೈಮ್ ಬೇಕಲ್ಲರಿ? ಅದು ಬರೋದ್ರಾಗ ವಾಯುವೇಗರಾಯ ಅಲ್ಲಿ ಇರಂಗೇ ಇಲ್ಲ. ಏನೂ ಮುಟ್ಟಂಗಿಲ್ಲ ಅಂದ ಮ್ಯಾಲೆ ಮೈ ಹ್ಯಾಂಗಿದ್ರೇನ್ರಿ?"

ಜಗದೇವಪ್ಪ, "ಪರೀಕ್ಷಾ ಮಾಡೇಬಿಡೋಣು," ಎಂದು ಅಂಗಡಿಯಿಂದ ಜೋಳ ತರಿಸಿದರು. ಮಾನಪ್ಪ ಓಡಬೇಕು, ಇವರು ಎರಚಬೇಕು. ಒಂದು ಕಾಳು ತಾಗಿದರೂ ಪಾತ್ರ ಹೋಯಿತು.

ಮಾನಪ್ಪ ಹಲ್ಲು ಕಚ್ಚಿ ಓಡಿದ. ಜಗದೇವಪ್ಪನವರ ಜೋಳ ರಾಯರ ಕಿವಿ ಸೇರಿತು. ಜಲಾಲುದ್ದೀನನದು ಜಗದೇವಪ್ಪನವರ ತಲೆಯ ಹೊಸ ಪಟಗಕ್ಕೆ ಬಡಿಯಿತು. ರಾಯರು ಕವಿಯ ಗಾಂಭೀರ್ಯದಿಂದ ಎರಚಿದ್ದು ಅವರ ಕಾಲಮೇಲೆಯೇ ಬಿತ್ತು. ಮಾನಪ್ಪನ ಮೈಮೇಲೆ ಹುಡುಕಿದರೂ ಒಂದು ಕಾಳಿರಲಿಲ್ಲ.

"ಗೆದ್ದಿ ಬಿಡೋ," ಎಂದರು ರಾಯರು, ಕಿವಿ ಕೆದಕುತ್ತ.

ಗೆದ್ದವನು ಸುಮ್ಮನೆ ಮನೆಗೆ ಹೋಗಬೇಕಿತ್ತು. ಬುದ್ಧಿ ಇದ್ದವನು ಹೋಗುತ್ತಿದ್ದ. ಇವನು ನಿಂತು, ಎದೆ ಉಬ್ಬಿಸಿ, ಇನ್ನೊಂದು ಮಾತು ಸೇರಿಸಿದ: "ಕಾಳ ಅಷ್ಟ ಅಲ್ಲರಿ, ಯಾವುದೂ ನನ್ನ ಹಿಡಿಯಂಗಿಲ್ಲ."

"ಯಾವುದೂ ಅಂದ್ರ?" ಜಗದೇವಪ್ಪ ಹುಬ್ಬು ಗಂಟಿಕ್ಕಿದರು. "ನಿಜಾಮರ ಕಾಲದ ಗಲಾಟ್ಯಾಗ ನಮ್ಮ ಓಣ್ಯಾಗ ಬಂದೂಕು ಹಾರಿತ್ತು. ಸದ್ದು ಕೇಳೀವಿ, ಗ್ವಾಡ್ಯಾಗ ತೂತು ಕಂಡೀವಿ. ಗುಂಡು ಹೋಗೋದು ಯಾರರ ನೋಡೀರೇನು?"

ಯಾರೂ ನೋಡಿರಲಿಲ್ಲ.

"ಹಂಗಾದ್ರ ವಾಯುವೇಗರಾಯ ಕಣ್ಣಿಗೆ ಕಾಣಂಗೇ ಇಲ್ಲ," ಎಂದರು ಭಗವಂತರಾಯರು. ಹೇಳುತ್ತ ಹೇಳುತ್ತ ಅವರ ಮುಖ ಅರಳಿತು. "ಕಂಡ್ರನ ತಪ್ಪು. ಮದ್ದಳಿ ಜೋರು ಬಾರಿಸೋಣು, ಪರದೆ ಅಳ್ಳಾಡಸೋಣು. ಅಸುರ ಎದ್ದು ಆಕಡಿ ಈಕಡಿ ನೋಡತಾನ. ಅಷ್ಟರಾಗ ನಾಡು ಕೂಡಿರತದ. ಏನಂತೀರಿ?"

ಎಲ್ಲರೂ ಹೌದೆಂದರು. ಎದ್ದು ನೋಡುವ ಪಾತ್ರ ಸಿಕ್ಕ ಜಲಾಲುದ್ದೀನ ಎಲ್ಲರಿಗಿಂತ ಜೋರಾಗಿ ಹೌದೆಂದ.

"ಮತ್ತ ನಾ, ರಾಯರ?"

"ನೀನೇ ನಾಯಕ," ಎಂದು ರಾಯರು ಅವನ ಬೆನ್ನು ತಟ್ಟಿದರು. "ನಿನ್ನ ಮಾತೇ ಗೆದ್ದದ. ಪಾತ್ರ ನಿಂದೇ, ಯಾರೂ ಕಸಗೊಳ್ಳಂಗಿಲ್ಲ. ನೀ ಓಡೋದು ಯಾರಿಗೂ ಕಾಣಂಗಿಲ್ಲ ನೋಡು, ಅದಕ್ಕ ನಾಳಿ ಮನ್ಯಾಗ ಕುಂತ್ರೂ ಬರೋಬ್ಬರಿ ಆಗ್ತದ."

ಹೊತ್ತು ಮುಳುಗುವಾಗ ಮಾನಪ್ಪ ಮನೆ ಮುಟ್ಟಿದ. ಅಂಗಳದಲ್ಲಿ ತಿಂಥಣಿಯ ಗಾಡಿ ಬಿಟ್ಟಿತ್ತು. ಹಣಮಮ್ಮ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಮೆಲ್ಲುತ್ತಿದ್ದಳು.

"ಏನಪಾ, ಈ ಸಲ ಏನು ಪಾತ್ರ?"

ಮಾಳಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದಳು.

"ನಾಯಕ," ಎಂದ ಮಾನಪ್ಪ. ಸುಳ್ಳೇನೂ ಆಗಿರಲಿಲ್ಲ.

ಮಾಳಮ್ಮನ ಮುಖ ಬೆಳಗಿತು. ಒಳಗೆ ಹೋಗಿ ಗಂಡನ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ಬಂದಳು. ಹಣಮಮ್ಮ ಎಲೆ ಉಗುಳಿ ಬಾಯಿ ಒರೆಸಿಕೊಂಡಳು.

"ಹಂಗಾದ್ರ ನಾಳಿ ಎಲ್ಲಾರಕಿಂತ ಮುಂದ ಕುಂದ್ರತೀನಪಾ. ಕಣ್ಣು ಮಿಟುಕಸದಂಗ ನಿನ್ನೇ ನೋಡತೀನಿ."

"ಮಿಟುಕಿಸಿದ್ರೂ ನಡಿತದ ಅತ್ತಿ," ಎಂದು ಮಾನಪ್ಪ ರೊಟ್ಟಿ ಮುರಿದ.